ಸಾಲವೂ ಕಡವೂ: ಒಂದು ಗ್ರೀಕ್ ಕ್ರಿಯಾಪದದ ಕಥೆ

ನೆರೆಮನೆಯ ಹುಡುಗಿ ಬಟ್ಟಲು ಹಿಡಿದು ಬಂದು, "ಒಂದು ಪಾವು ಸಕ್ಕರೆ ಕಡ ಕೊಡಬೇಕಂತೆ" ಎನ್ನುತ್ತಾಳೆ. ಅವಳ ತಂದೆ ಬಿತ್ತನೆಗೆಂದು ಹಣ ತಂದರೆ ಅದು ಸಾಲ. ವಾಚಕರೆ, ಈ ಎರಡು ಮಾತುಗಳನ್ನು ಮಧುಗಿರಿ, ಕೊರಟಗೆರೆಗಳ ಹಳ್ಳಿಯವರು ಎಂದಾದರೂ ಅದಲುಬದಲು ಮಾಡುವುದುಂಟೆ? ಪಾವಗಡದ ತೆಲುಗು ಮನೆಗಳಲ್ಲಿಯೂ ಸಾಲಕ್ಕೆ ‘ಅಪ್ಪು’, ಕೈಗಡಕ್ಕೆ ‘ಚೇಬದುಲು’ ಎಂದು ಬೇರೆಬೇರೆ ಹೆಸರುಗಳಿವೆ. ಇನ್ನು 1687ರಲ್ಲಿ ಮೊಗಲರ ಸುಬೆಯ ಮುಖ್ಯಪಟ್ಟಣವಾದ ಸಿರಾದಲ್ಲಿ ಪಾರಸಿಯೇ ಕಚೇರಿಯ ಭಾಷೆ. ಜಾಮೀನು, ಕರಾರು, ಬಾಕಿ, ವಸೂಲಿ ಎಂಬ ಮಾತುಗಳು ಅಂಥ ಕಚೇರಿಗಳಿಂದ ಬಂದವು. ಅವು ಸಾಲಕ್ಕೆ ಅಂಟಿಕೊಂಡವೇ ಹೊರತು ಸಕ್ಕರೆಯ ಬಟ್ಟಲಿನ ಹತ್ತಿರ ಸುಳಿಯಲಿಲ್ಲ.

ಈ ಭೇದ ಗ್ರೀಕ್ ಭಾಷೆಯಲ್ಲಿಯೂ ಉಂಟು. ಹಣವನ್ನು ಸಾಲ ಕೊಡುವುದು ‘ದನೇಜೋ’. ಸ್ನೇಹದಿಂದ ಪದಾರ್ಥ ಕೊಡುವುದು ‘ಕಿಖ್ರೇಮಿ’. ಲೂಕನ ಸುವಾರ್ತೆಯಲ್ಲಿ ನಡುರಾತ್ರಿ ಗೆಳೆಯನಲ್ಲಿ ಮೂರು ರೊಟ್ಟಿ ಕೇಳುವವನು ಆಡುವುದು ಎರಡನೆಯ ಮಾತನ್ನೇ.

ಕಲಿಯುವವರು ತೊಡಕುವುದು ಮುಂದಿನ ಹೆಜ್ಜೆಯಲ್ಲಿ. ಸಾಲ ಪಡೆಯುವುದಕ್ಕೆ ಬೇರೆ ಧಾತು ಬೇಡ. ಪ್ರತ್ಯಯ ಬದಲಿಸಿ ‘ದನೇಜೊಮಾಯ್’ ಎಂದರಾಯಿತು. ಇಂಗ್ಲಿಷಿನ ಮೂಲಕ ಕಲಿಯುವವರಿಗೆ ಇದು ವಿಚಿತ್ರ, ನಮಗಲ್ಲ. ಋತ್ವಿಜನು ಪರರಿಗಾಗಿ ಯಾಗ ಮಾಡಿದರೆ ಸಂಸ್ಕೃತದಲ್ಲಿ ‘ಯಜತಿ’, ಯಜಮಾನನು ತನಗಾಗಿ ಮಾಡಿದರೆ ‘ಯಜತೇ’. ಕನ್ನಡದಲ್ಲಿ ಆ ಕೆಲಸವನ್ನು ‘ಕೊಳ್ಳು’ ಮಾಡುತ್ತದೆ: ಬರೆದ, ಬರೆದುಕೊಂಡ.

ಇದು ಬರಿಯ ವ್ಯಾಕರಣವೆಂದು ಪುಟ ತಿರುಗಿಸಬೇಡಿ. ಪ್ರಾಚೀನ ಅಥೆನ್ಸಿನಲ್ಲಿ ಬಡವನು ತನ್ನ ದೇಹವನ್ನೇ ಒತ್ತೆಯಿಟ್ಟು ಸಾಲ ಪಡೆಯುತ್ತಿದ್ದನು; ತೀರಿಸಲಾರದೆ ಹೋದರೆ ಗುಲಾಮನಾಗುತ್ತಿದ್ದನು. ಕ್ರಿ.ಪೂ. 594ರ ಸುಮಾರಿಗೆ ಸೋಲನ್ ಇದನ್ನು ನಿಷೇಧಿಸಿದನು. ಅರಿಸ್ಟಾಟಲನ ಹೆಸರಿನಲ್ಲಿರುವ, ಈಜಿಪ್ಟಿನಲ್ಲಿ ದೊರೆತು 1891ರಲ್ಲಿ ಅಚ್ಚಾದ ಗ್ರಂಥವು ಆ ನಿಷೇಧವನ್ನು ಹೇಳುವಾಗ ಬಳಸಿರುವುದು ‘ದನೇಜೋ’ ಧಾತುವಿನ ಕೊಡುವವನ ರೂಪ. ದೇಹದ ಒತ್ತೆಯ ಮೇಲೆ ಪಡೆಯಬೇಡವೆಂದು ಬಡವನಿಗೆ ಹೇಳಲಿಲ್ಲ. ಕೊಡಕೂಡದೆಂದು ಉಳ್ಳವನನ್ನು ತಡೆಯಿತು. ಹೊಣೆ ಯಾರದೆಂಬುದು ಆ ಒಂದು ಪ್ರತ್ಯಯದಲ್ಲಿಯೇ ಇದೆ.

ನಮ್ಮ ದೇಶದಲ್ಲಿ ಸಾಲಕ್ಕಾಗಿ ಆಳನ್ನು ಜೀತಕ್ಕಿಟ್ಟುಕೊಳ್ಳುವುದನ್ನು 1976ರ ಕಾನೂನು ರದ್ದುಮಾಡಿತು. ಜೀತದಾಳು ಆ ಸಾಲವನ್ನು ತೀರಿಸಬೇಕಾಗಿಲ್ಲವೆಂದೂ ವಿಧಿಸಿತು. ‘ಜೀತ’ ಎಂಬುದಾದರೂ ‘ಜೀವಿತ’ದ ತದ್ಭವ. ಹಿಂದೆ ಅದಕ್ಕೆ ಸಂಬಳವೆಂದೇ ಅರ್ಥವಿತ್ತು.