ಎರಡನೆಯ ಪಿಟೀಲಿನ ಅಧಿಕಾರ: ಯೋಸೆಫ್ ಸುಕ್ ಮತ್ತು ಚೆಕ್ ಕ್ವಾರ್ಟೆಟ್

ಯೋಸೆಫ್ ಸುಕ್ (1874–1935) ಸಂಗೀತ ಚರಿತ್ರೆಯಲ್ಲಿ ಉಳಿದಿರುವುದು ಡ್ವೊರ್ಜಾಕನ ಶಿಷ್ಯ ಮತ್ತು ಅಳಿಯನಾಗಿ, ‘ಅಸ್ರಾಯೆಲ್’ ಸಿಂಫನಿಯ ಕರ್ತೃವಾಗಿ. ಚೆಕ್ ಕ್ವಾರ್ಟೆಟ್ಟಿನಲ್ಲಿ ಅವನು ನಾಲ್ಕು ದಶಕಗಳ ಕಾಲ ಎರಡನೆಯ ಪಿಟೀಲು ನುಡಿಸಿದ್ದು ಹೊಟ್ಟೆಪಾಡಿನ ಸಂಗತಿಯೆಂಬಂತೆ ಅಡಿಟಿಪ್ಪಣಿ ಸೇರುತ್ತದೆ. ಆ ವಾದಕನನ್ನು ಬದಿಗಿಟ್ಟರೆ ಚೆಕ್ ಚೇಂಬರ್ ಸಂಗೀತದಲ್ಲಿ ಸುಕ್‌ನ ನಿಜವಾದ ಪಾತ್ರವೇ ಕಾಣದಂತಾಗುತ್ತದೆ ಎಂಬುದು ಇಲ್ಲಿನ ವಾದ. ಪ್ರಾಗ್ ಸಂಗೀತ ಶಾಲೆಯಲ್ಲಿ ಚೆಲ್ಲೊ ಗುರು ಹಾನುಶ್ ವಿಹಾನ್ ತಿದ್ದಿ ಬೆಳೆಸಿದ ವಿದ್ಯಾರ್ಥಿಗಳ ತಂಡವದು: ಕಾರೆಲ್ ಹೋಫ್‌ಮಾನ್, ಸುಕ್, ವಿಯೋಲಾದಲ್ಲಿ ಓಸ್ಕರ್ ನೆಡ್ಬಾಲ್, ಚೆಲ್ಲೊದಲ್ಲಿ ಓಟೊ ಬೆರ್ಗರ್. ಬೆರ್ಗರ್ ಕಾಯಿಲೆ ಬಿದ್ದಾಗ ಗುರು ವಿಹಾನನೇ ಆ ಜಾಗಕ್ಕೆ ಬಂದ. ಮುಂದೆ ವಿಯೋಲಾ, ಚೆಲ್ಲೊ ಎರಡೂ ಮತ್ತೆ ಕೈ ಬದಲಿಸಿದವು. ಪಿಟೀಲಿನ ಎರಡು ಕುರ್ಚಿಗಳು ಮಾತ್ರ ಕದಲಲಿಲ್ಲ.

1896ರಲ್ಲಿ ಡ್ವೊರ್ಜಾಕನ ಜಿ ಮೇಜರ್ ಕ್ವಾರ್ಟೆಟ್ಟನ್ನು ಪ್ರಾಗ್‌ನಲ್ಲಿ ಮೊದಲು ನುಡಿಸಿದ್ದು ಈ ತಂಡವೇ. ಅದಕ್ಕಿಂತ ಹೆಚ್ಚು ಹೇಳುವುದು 1914ರ ಪ್ರಸಂಗ. ಯುದ್ಧಕಾಲದಲ್ಲಿ ಕಛೇರಿಯ ಆರಂಭಕ್ಕೆ ಆಸ್ಟ್ರಿಯಾದ ರಾಷ್ಟ್ರಗೀತೆ ನುಡಿಸಲೇಬೇಕಾಗಿತ್ತು. ಅದರ ಜೊತೆಗೆ ನುಡಿಸಲೆಂದು ಸುಕ್, ಸಂತ ವಾತ್ಸ್ಲಾವನನ್ನು ಮೊರೆಯಿಡುವ ಹಳೆಯ ಚೆಕ್ ಕೋರಲನ್ನು ಆಧರಿಸಿ ಒಂದು ‘ಧ್ಯಾನ’ ರಚಿಸಿದ. ಆಜ್ಞೆ ಮೀರದೆ ಅದರ ಅರ್ಥವನ್ನೇ ತಿರುಗಿಸಿದ ಈ ಜಾಣ್ಮೆ, ವೇದಿಕೆಯ ಮೇಲೆ ಯಾವ ಕ್ಷಣದಲ್ಲಿ ಏನು ನುಡಿಯಬಹುದೆಂದು ಒಳಗಿನಿಂದ ಬಲ್ಲವನಿಗಷ್ಟೇ ಸಾಧ್ಯ.

ಹಾಗಿದ್ದರೆ ಇಂಥವನು ಪೂರ್ಣಪ್ರಮಾಣದ ಪ್ರಕಟಿತ ಕ್ವಾರ್ಟೆಟ್ಟುಗಳನ್ನು ಎರಡೇ ಬರೆದದ್ದೇಕೆ? ನಾಲ್ಕು ಸಾವಿರ ಮೀರಿದ ಕಛೇರಿಗಳ ತಿರುಗಾಟ ರಚನಕಾರನನ್ನು ನುಂಗಿತೆಂಬ ಆಕ್ಷೇಪ ಸಹಜ, ಭಾಗಶಃ ನಿಜವೂ ಹೌದು. ಆದರೆ ಎಣಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. 1896ರ ಮೊದಲ ಕ್ವಾರ್ಟೆಟ್ಟಿನ ಕೊನೆಯ ಭಾಗವನ್ನು ಅವನು 1915ರಲ್ಲಿ ಹೊಸದಾಗಿ ಬರೆದ. 1911ರ ಎರಡನೆಯದರಲ್ಲಿ ಭಾಗಗಳ ವಿಂಗಡಣೆಯನ್ನೇ ಬಿಟ್ಟು, ಇಡೀ ಕೃತಿಯನ್ನು ಒಂದೇ ಓಟದಲ್ಲಿ ಹರಿಯಗೊಟ್ಟ. ತನ್ನ ರಚನೆಗೆ ಇಷ್ಟು ವರ್ಷಗಳ ಬಳಿಕ ಮರಳುವ ಈ ಹಟದಲ್ಲಿ ನನಗೆ ಕಾಣುವುದು ದಣಿದ ರಚನಕಾರನಲ್ಲ, ಕೃತಿ ನುಡಿತದಲ್ಲಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವ ವಾದಕ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಲೆಯೋಶ್ ಯಾನಾಚೆಕ್ ತನ್ನ ಮೊದಲ ಕ್ವಾರ್ಟೆಟ್ ‘ಕ್ರೊಯಿಟ್ಸರ್ ಸೊನಾಟಾ’ವನ್ನು ಈ ತಂಡದ ಕೋರಿಕೆಯ ಮೇಲೆ 1923ರಲ್ಲಿ ಬರೆದ. 1924ರ ಅಕ್ಟೋಬರ್ 17ರಂದು ಅದು ಪ್ರಾಗ್‌ನಲ್ಲಿ ಮೊದಲು ಕೇಳಿಬಂತು. ಮರುವರ್ಷ ಅಚ್ಚಾದ ಪ್ರತಿಯಲ್ಲಿ ಸುಕ್‌ನ ಕೈ ಇದೆ. ಯಾನಾಚೆಕನ ಒರಟು ಅಂಚುಗಳಿಗೆ ಡ್ವೊರ್ಜಾಕ್ ಮನೆತನದ ನಯ ಬಳಿದದ್ದು ಅಪಚಾರವೆಂಬ ದೂರನ್ನು ಸುಲಭವಾಗಿ ತಳ್ಳಿಹಾಕಲಾಗದು. ಮೂಲಪಾಠ ಬೇಕೆನ್ನುವ ಸಂಪಾದಕನಿಗೆ ಆ ಗುರುತುಗಳು ಹೊರಗಿನವೇ. ಆದರೆ ಈ ತಂಡದ ನುಡಿತಕ್ಕೆ ಯಾನಾಚೆಕ್ ಸ್ವತಃ ಮಾರುಹೋಗಿದ್ದ. ಆದ್ದರಿಂದ ಆ ಪ್ರತಿಯನ್ನು ಕೆಟ್ಟ ಪಾಠವೆಂದು ಎಸೆಯುವ ಬದಲು, ಕೃತಿ ಮೊದಲು ಹೇಗೆ ಕೈಗೆ ಬಂತು ಎಂಬುದರ ದಾಖಲೆಯಾಗಿ ಬೇರೆಯೇ ಓದಬೇಕು.

ಬುಡಾಪೆಸ್ಟಿನೊಡನೆ ಹೋಲಿಸಿದರೆ ಸುಕ್‌ನ ಸ್ಥಾನದ ವಿಶೇಷ ಇನ್ನೂ ತಿಳಿಯಾಗುತ್ತದೆ. 1910ರ ಮಾರ್ಚ್‌ನಲ್ಲಿ ವಾಲ್ಡ್‌ಬಾವರ್–ಕೆರ್ಪೆಲಿ ತಂಡ ಒಂದೆರಡು ದಿನಗಳ ಅಂತರದಲ್ಲಿ ಕೊಡಾಯ್ ಮತ್ತು ಬಾರ್ಟೋಕರ ಮೊದಲ ಕ್ವಾರ್ಟೆಟ್ಟುಗಳನ್ನು ನುಡಿಸಿತು; 1918ರಲ್ಲಿ ಬಾರ್ಟೋಕನ ಎರಡನೆಯದನ್ನೂ. ಆ ಕೃತಿ ಅರ್ಪಿತವಾದದ್ದೂ ಆ ತಂಡಕ್ಕೇ. ಅಷ್ಟು ನಿಕಟವಾಗಿದ್ದರೂ ಬಾರ್ಟೋಕ್ ತಂಡದ ಹೊರಗಿನವನು: ಬರೆದುಕೊಟ್ಟ, ಅವರು ನುಡಿಸಿದರು. ಪ್ರಾಗ್‌ನಲ್ಲಿ ಬರೆಯುವ ಕೈಯೇ ಬಿಲ್ಲನ್ನೂ ಹಿಡಿದಿತ್ತು, ಅದೂ ಮುಖ್ಯ ರಾಗ ಬಹುಪಾಲು ಪಕ್ಕದವನ ಪಾಲಾಗುವ ಸ್ಥಾನದಲ್ಲಿ ಕೂತು. ಸುಕ್‌ನ ಕೃತಿಗಳಲ್ಲಿ ಒಳದನಿಗಳು ತುಂಬಿ ತುಳುಕುವುದನ್ನು ವಿಮರ್ಶಕರು ಬಹುಮಟ್ಟಿಗೆ ಅವನ ಕಾಲದ ಆರ್ಕೆಸ್ಟ್ರಾ ಶೈಲಿಯ ಲೆಕ್ಕಕ್ಕೆ ಬರೆಯುತ್ತಾರೆ. ಅದರ ಮೂಲವನ್ನು 1933ರವರೆಗೆ ಅವನು ಬಿಡದ ಆ ಕುರ್ಚಿಯಲ್ಲಿ ಹುಡುಕುವುದು ಹೆಚ್ಚು ಸಮಂಜಸ.