ಮಸಿಗೂ ಬೆಂಕಿ ಹತ್ತುತ್ತೆ..

ಮಸಿ ಅಂದ್ರೆ ಉರಿದು ಮುಗಿದದ್ದು ಅಂತ ಎಂಜಿನಿಯರಿಂಗ್ ಓದಿದ ನಾನೂ ಅಂದುಕೊಂಡಿದ್ದೆ. ಇಲ್ಲ ಮಾರಾಯ್ರೆ! ಇಂಗ್ಲೆಂಡಿನ ಹಳೇ ಮನೆಗಳ ಚಿಮಣಿಯೊಳಗೆ ಪದರಗಟ್ಟಿದ ಮಸಿಗೆ ಒಂದು ಕಿಡಿ ತಾಗಿದರೆ ಸಾಕಿತ್ತು, ಧಗ್ಗನೆ ಉರಿಯುತ್ತಿತ್ತು. ಅದನ್ನು ಕೆರೆದು ತೆಗೆಯಲು ಆ ಇಕ್ಕಟ್ಟಿನ ಕೊಳವೆಗಳಿಗೆ ಬಡವರ ಪುಟ್ಟ ಹುಡುಗರನ್ನು ಹತ್ತಿಸುತ್ತಿದ್ದರು. ಬೆಂಕಿ ಹತ್ತಿದ ಚಿಮಣಿಗೂ..

ಆ ಮಸಿಯಿಂದ ಕ್ಯಾನ್ಸರ್ ಬರುತ್ತೆ ಅಂತ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದ. 1803ರಲ್ಲಿ ಜಾರ್ಜ್ ಸ್ಮಾರ್ಟ್ ಉದ್ದ ಕೋಲಿನ ಬ್ರಷ್ ಮಾಡಿದ. ಟೂಲೇನೋ ರೆಡಿ, ಆದರೆ ಡೊಂಕು ಚಿಮಣಿ ತಿದ್ದಿಸುವ ಖರ್ಚು ಯಾರಿಗೆ ಬೇಕು? ಕಾನೂನುಗಳು ಬಂದವು, ಕೇಳುವವರಿರಲಿಲ್ಲ.

1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಕೇಂಬ್ರಿಡ್ಜ್ ಬಳಿಯ ಆಸ್ಪತ್ರೆಯೊಂದರ ಚಿಮಣಿಯಲ್ಲಿ ಸಿಕ್ಕಿಕೊಂಡ. ಗೋಡೆ ಒಡೆದು ಹೊರತೆಗೆದರೂ ಉಳಿಯಲಿಲ್ಲ. ಚಿಮಣಿ ಗುಡಿಸುವವರಿಗೆ ಪೊಲೀಸರ ಲೈಸೆನ್ಸ್ ಕಡ್ಡಾಯ ಮಾಡಿದ ಕಾಯ್ದೆ ಬಂದದ್ದು ಅದೇ ವರ್ಷ. ಬ್ರಷ್ ಬಂದು ಆಗಲೇ 72 ವರ್ಷವಾಗಿತ್ತು.