ಅಂಕಗಳ ಕಂಠಿಕೆ

ಒಂದು ಜಿನಾಲಯದ ಪೂಜೆಗೆ 139 ಪುಷ್ಯರಾಗ ಮಣಿಗಳನ್ನು ಅರ್ಪಿಸುವುದಾದರೆ 109 ಜಿನಾಲಯಗಳಿಗೆ ಎಷ್ಟು ಮಣಿಗಳು ಬೇಕು? ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಬರುವ ಗುಣಾಕಾರದ ಲೆಕ್ಕವಿದು. ಉತ್ತರ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಮಣಿಗಳ ಲೆಕ್ಕವನ್ನು ಕೇಳಿ ಮಣಿಹಾರದಂತಹ ಉತ್ತರವನ್ನೇ ಬರಿಸುವುದು ಆಚಾರ್ಯರ ರಸಿಕತೆ. ಇಂತಹ ಗುಣಲಬ್ಧಗಳಿಗೆ ಕಂಠಿಕೆ, ಅಂದರೆ ಕೊರಳ ಆಭರಣವೆಂಬ ಹೆಸರೂ ಆ ಗ್ರಂಥದಲ್ಲಿದೆ.

ಈ ಹಾರಗಳಲ್ಲಿ ನನ್ನ ಮನಸ್ಸನ್ನು ಸೆಳೆದುದು 12345654321. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆಯೆಂದೇ ಆಚಾರ್ಯರು ಇದನ್ನು ನಿರ್ದೇಶಿಸುತ್ತಾರೆ. ನಮ್ಮ ರೂಢಿಯಲ್ಲಿ ಹೇಳುವುದಾದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಅಂಗಡಿಯ ಕಿರ್ದಿಯಲ್ಲಿ ಇಂತಹ ಮೊತ್ತ ಕಂಡಿದ್ದರೆ, ಗುಮಾಸ್ತರು ಬೇಸರಕ್ಕೆ ಅಂಕಿಗಳನ್ನು ಸಾಲಾಗಿ ಬರೆದಿದ್ದಾರೆಂದು ತಿಳಿದು ಮತ್ತೊಮ್ಮೆ ಕೂಡಿಸಲು ಹೇಳುತ್ತಿದ್ದೆನು!

ಆದರೆ ಇದು ಬೇಕೆಂದು ಪೋಣಿಸಿದ ಸಾಲಲ್ಲ. ಆರು ಒಂದುಗಳನ್ನು ಬರೆದು, 111111ನ್ನು ಅದರಿಂದಲೇ ಗುಣಿಸಿ ನೋಡಬೇಕು. ಒಂದೊಂದು ಸ್ಥಾನ ಎಡಕ್ಕೆ ಸರಿದ ಆರು ಸಾಲುಗಳು ಬೀಳುತ್ತವೆ. ಕೂಡಿಸುವಾಗ ಅಂಚಿನ ಸ್ಥಾನದಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ಹೀಗೆ ನಡುವಿನ ಸ್ಥಾನದಲ್ಲಿ ಆರು ಒಂದುಗಳು ಸೇರುತ್ತವೆ, ಆಮೇಲೆ ಇಳಿಯುತ್ತವೆ. ಎಲ್ಲಿಯೂ ದಶಕ ಏರುವುದಿಲ್ಲವಾದುದರಿಂದ ಹಾರ ಕದಡುವುದಿಲ್ಲ. ಹಾರದ ಅಂಕಿಗಳನ್ನೆಲ್ಲ ಕೂಡಿಸಿದರೆ 36, ಅದೂ ಆರರ ವರ್ಗವೇ.

ಗ್ರಂಥದಲ್ಲಿ ಈ ಸಂಖ್ಯೆ 27994681 ಮತ್ತು 441 ಇವುಗಳ ಗುಣಲಬ್ಧವಾಗಿ ಬರುತ್ತದೆ. ಮೊದಲನೆಯದರಲ್ಲಿ ಯಾವ ಅಂದವೂ ಕಾಣದು. 441 ಎಂಬುದು 21ರ ವರ್ಗವೆಂದು ಎಲ್ಲರೂ ಬಲ್ಲರು. ಒಂದು ಸಂಜೆ ಅಂಗಡಿ ಮುಚ್ಚಿದ ಬಳಿಕ ಕುಳಿತು ನೋಡಿದೆನು. 27994681 ಸಹ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ ಅದೇ 111111! ಇನ್ನೂ ಒಡೆದರೆ 21ರಲ್ಲಿ 3 ಮತ್ತು 7, 5291ರಲ್ಲಿ 11, 13 ಮತ್ತು 37 ಅಡಗಿವೆ. ಆಚಾರ್ಯರು ಉತ್ತರವನ್ನು ಮೊದಲು ಕೈಯಲ್ಲಿ ಹಿಡಿದು, ಅದನ್ನು ಬಿಡಿಸಿ, ಆಮೇಲೆ ಪ್ರಶ್ನೆಯನ್ನು ಕಟ್ಟಿರಬೇಕೆಂದು ನನ್ನ ಊಹೆ. ಅದೃಷ್ಟದಿಂದ ಇಷ್ಟು ಒದಗಲಾರದು.

ಪೂರ್ವಿಕರ ದೊಡ್ಡ ಸಂಖ್ಯೆಗಳೆಲ್ಲ ಭಕ್ತಿಯ ಅತಿಶಯೋಕ್ತಿಗಳೆಂದು ಹೇಳುವವರಿದ್ದಾರೆ. ಬಿಡಿಸಿ ಪರೀಕ್ಷಿಸಬಹುದಾದುದನ್ನು ಅತಿಶಯೋಕ್ತಿಯೆನ್ನುವುದು ಹೇಗೆ? ಇನ್ನೊಂದು ಕಡೆ ನಮ್ಮವರೂ ಅವಸರ ಪಡಬಾರದು. ಆಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅದು 24 ತೀರ್ಥಂಕರರ ಸ್ಮರಣೆಗೆಂದು ಹೇಳಲು ಮನಸ್ಸಿಗೆ ಹಿತವೇ. ಆದರೆ ಆಚಾರ್ಯರ ಮಾತಿನ ಆಧಾರವಿಲ್ಲದೆ ನಾನು ಹಾಗೆ ಬರೆಯಲಾರೆ.

ಈ ಗ್ರಂಥವನ್ನು 1912ರಲ್ಲಿ ಪ್ರೊ. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಪ್ರಕಟಿಸಿದರು. ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂದಿತು. ನಾನು ಶಾಲೆಯಲ್ಲಿದ್ದಾಗ ಇವರ ಹೆಸರನ್ನು ಯಾರೂ ಹೇಳಲಿಲ್ಲ; ಆ ಕೊರತೆ ಇಂದಿಗೂ ಮನಸ್ಸಿನಲ್ಲಿದೆ.

ಮನೆಯ ಮಕ್ಕಳಿಗೆ ಈ ಹಾರವನ್ನು ತೋರಿಸಿದಾಗ, ಎಷ್ಟು ದೂರ ಬೆಳೆಸಬಹುದೆಂದು ಕೇಳಿದರು. ಒಂಬತ್ತು ಒಂದುಗಳವರೆಗೆ ತೊಂದರೆಯಿಲ್ಲ, 12345678987654321 ಬರುತ್ತದೆ. ಹತ್ತನೆಯ ಒಂದನ್ನು ಸೇರಿಸಿದೊಡನೆ ನಡುವೆ ದಶಕ ಏರಿ, 1234567900987654321 ಎಂದಾಗಿ, ಹಾರ ಅಲ್ಲಿಗೆ ಹರಿಯುತ್ತದೆ.